ನೂರಕ್ಕೆ ತೊಂಬತ್ತಾರು ಸಂತೋಷ

ನಮ್ಮಕ್ಕನ ಕೆಲಸ ಕಂಡವರ ಸಿಟ್ಟು ಓದುವುದು. ಹೊಸ ಫ್ಯಾನು ತಿರುಗಲಿಲ್ಲ, ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ, ಚಪ್ಪಲಿ ಮೆತ್ತಗಿದೆ ಎಂದು ಜನ ಫೋನಿನಲ್ಲಿ ಬರೆದದ್ದೆಲ್ಲ ಅವಳ ಕಂಪ್ಯೂಟರಿಗೆ ಬರುತ್ತದೆ. ಒಂದೊಂದನ್ನೂ ಓದಿ ಸಂತೋಷ, ಸಿಟ್ಟು, ಎರಡೂ ಅಲ್ಲ ಎಂಬ ಮೂರರಲ್ಲಿ ಒಂದನ್ನು ಒತ್ತಬೇಕು. ಅದನ್ನು ನೋಡಿ ನೋಡಿ ಯಂತ್ರ ಮನುಷ್ಯರ ಮನಸ್ಸು ಓದಲು ಕಲಿಯುತ್ತದಂತೆ. ಪಕ್ಕದ ಕುರ್ಚಿಯಲ್ಲಿ ನನಗೂ ಅದೇ ಪಾಡು. ಹಿಂದುಮುಂದು ಯೋಚಿಸಕೂಡದು, ಕಣ್ಣೆದುರಿನ ಮಾತನ್ನಷ್ಟೇ ನೋಡಬೇಕು ಎಂಬುದು ಆಫೀಸಿನ ನಿಯಮ. ಅಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸುವವಳು.

ಅಂಥವಳು ಈಚೆಗೆ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಬೆಳಗಾದರೆ ಒಂದು ಮೆಸೇಜು ಮಾತ್ರ ಬರುತ್ತಿತ್ತು: ‘ಚೆನ್ನಾಗಿದ್ದೀನಿ ಅಮ್ಮ. ಇಲ್ಲಿ ಎಲ್ಲರೂ ಒಳ್ಳೆಯವರು.’ ನನಗದರಲ್ಲಿ ಹುಳುಕೇನೂ ಕಾಣಲಿಲ್ಲ. ಕಡ್ಡಿಯನ್ನು ಗುಡ್ಡ ಮಾಡಬೇಡ ಎಂದು ರೇಗಿದೆ. ಅಕ್ಕನದು ಒಂದೇ ಪ್ರಶ್ನೆ. ಸಾರಿಗೆ ಉಪ್ಪು ಹೆಚ್ಚಾದರೆ ರಂಪ ಮಾಡುತ್ತಿದ್ದವಳು, ಬಾಯಿ ತೆರೆದರೆ ತಾಯಿಯ ಮೇಲೆ ಹರಿಹಾಯುತ್ತಿದ್ದವಳು, ಒಂದು ಸಲವಾದರೂ ಜಗಳವಾಡದೆ ಹೇಗಿದ್ದಾಳೆ?

ತಡೆಯಲಾರದೆ ಒಂದು ದಿನ ಊಟದ ಬಿಡುವಿನಲ್ಲಿ ನನ್ನನ್ನೂ ಎಳೆದುಕೊಂಡು ಆಫೀಸಿನ ಇಂಜಿನಿಯರ್ ಹತ್ತಿರ ಹೋಗಿ ಮೆಸೇಜುಗಳನ್ನು ತೋರಿಸಿದಳು. ಆತ ಅವನ್ನು ಯಂತ್ರಕ್ಕೆ ಕೊಟ್ಟ. ಸಂತೋಷ, ನೂರಕ್ಕೆ ತೊಂಬತ್ತಾರು. ಯಂತ್ರ ಯಾವ ಪದಕ್ಕೆ ಹೆಚ್ಚು ಗಮನ ಕೊಟ್ಟಿತೋ ಅದು ಪರದೆಯ ಮೇಲೆ ಹಳದಿಯಾಗಿ ಕಾಣುತ್ತದೆ. ‘ಚೆನ್ನಾಗಿದ್ದೀನಿ’ ಕಣ್ಣಿಗೆ ಹೊಡೆಯುವಷ್ಟು ಹಳದಿಯಾಗಿತ್ತು. ‘ಅಮ್ಮ’ ಎಂಬುದರ ಮೇಲೆ ಬಣ್ಣವೇ ಇರಲಿಲ್ಲ.

ಈಗಲಾದರೂ ನಂಬುತ್ತೀಯಾ ಎಂದೆ. ಅಕ್ಕನ ಮುಖವೂ ಸ್ವಲ್ಪ ಸಡಿಲವಾಯಿತು. ಇದಕ್ಕೆ ಇಷ್ಟು ಖಚಿತವಾಗಿ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು.

“ಅದಕ್ಕೇನ್ ಗೊತ್ತು ಮೇಡಂ? ಚೆನ್ನಾಗಿದ್ದೀನಿ ಅಂದೋರನ್ನೆಲ್ಲ ನೀವು ಸಂತೋಷಕ್ಕೆ ಹಾಕಿದ್ರಿ, ಅದೂ ಹಾಕ್ತು.”

ಅಕ್ಕ ಕುರ್ಚಿಗೆ ಮರಳಲಿಲ್ಲ. ಚೀಲ ಹೆಗಲಿಗೇರಿಸಿ ನೇರ ಬಸ್ ನಿಲ್ದಾಣಕ್ಕೆ ನಡೆದಳು. ಇವಳಿಗೆ ತಲೆ ಕೆಟ್ಟಿದೆ ಎಂದು ಗೊಣಗುತ್ತ ನಾನೂ ಹಿಂದೆ ಓಡಿದೆ. ಬಸ್ಸಿನಲ್ಲಿ ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಸುಮ್ಮನೆ ಕೂರು ಎಂದು ಗದರಿದೆನಾದರೂ, ಇನ್ನೆಷ್ಟು ದೂರ ಎಂದು ಕಂಡಕ್ಟರನ್ನು ಎರಡು ಸಲ ಕೇಳಿದವಳು ನಾನೇ.

ಬಾಗಿಲು ತೆರೆದದ್ದು ಮಗಳೇ. ಸೊರಗಿ ಅರ್ಧವಾಗಿದ್ದಳು. ಒಳಗಿನಿಂದ ಯಾರದು ಎಂದು ಗಂಡನ ದನಿ ಕೇಳಿತು. ಅವಳು ತಾಯಿಯನ್ನೇ ದುರುಗುಟ್ಟಿ ನೋಡಿದಳು.

“ಈಗ ನೆನಪಾಯ್ತಾ ನಿನಗೆ ಮಗಳು ಅಂತ ಒಬ್ಳಿದಾಳೆ ಅಂತ?”

“ದಿನಾ ಚೆನ್ನಾಗಿದ್ದೀನಿ ಅಂತ ಬರೀತಿದ್ಯಲ್ಲೇ,” ಎಂದಳು ಅಕ್ಕ.

ಹುಡುಗಿಗೆ ಅರ್ಥವಾಗಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡಿದಳು.

“ನಾನೆಲ್ಲಮ್ಮ ಬರ್ದೆ? ಬಂದಾಗಿಂದ ನನ್ ಫೋನು ಅವರ ಹತ್ರಾನೇ ಇದೆ.”

ಅಕ್ಕ ಮಗಳ ಕೈ ಹಿಡಿದಳು. ಒಳಗಿನಿಂದ ಹೆಜ್ಜೆಯ ಸದ್ದು ಹತ್ತಿರವಾಗುತ್ತಿತ್ತು. ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಅವಳನ್ನು ಮೆಟ್ಟಿಲಿಳಿಸಿಕೊಂಡು ಹೋದಳು.