ಗಾಜಿನ ಕೊಳವೆಯ ನೇರಳೆ ಗೆರೆ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅರಸೀಕೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟವನು ನಾನು. ನಾನು ಸುತ್ತಿಕೊಟ್ಟ ಮೋಟಾರು ವಾಪಸು ಬಂದ ನೆನಪಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ತಂಗಿ ಊರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ.ಗೆ ದುಡಿಯುತ್ತಿದ್ದಳು. ಕಾಲೇಜಿನ ಹಿಂದಿನ ಕೋಣೆಯಲ್ಲಿ ಅವಳದೊಂದು ಮೊಳದುದ್ದದ ಗಾಜಿನ ಕೊಳವೆ, ಅದರೊಳಗಿನ ಗಾಳಿ ಎಳೆಯಲು ಒಂದು ಪಂಪು. ಪಂಪಿನ ಮೋಟಾರು ಸುತ್ತಿದ್ದು ನಾನೇ.

ಬೇಲೂರಿನ ಸೋಡಾ ಅಂಗಡಿಯಿಂದ ತಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಚೂರೇ ಚೂರು ಕೊಳವೆಗೆ ಬಿಟ್ಟು ಕರೆಂಟು ಹರಿಸಿದರೆ ಒಳಗೆಲ್ಲ ಬೆಳಕು. ಅಣುಗಳು ಒಡೆದು, ಎಲೆಕ್ಟ್ರಾನು ಕಳೆದುಕೊಂಡು ಅಯಾನುಗಳಾಗುತ್ತವೆ, ಮೈಗೇರಿದ ಶಕ್ತಿಯನ್ನು ಬೆಳಕಾಗಿ ಇಳಿಸಿಕೊಳ್ಳುತ್ತವೆ, ಒಂದೊಂದಕ್ಕೂ ತನ್ನದೇ ಬಣ್ಣದ ಗೆರೆ ಎಂದು ಅವಳು ಹೇಳುತ್ತಿದ್ದಳು. ಆ ಗೆರೆಗಳನ್ನು ಬಿಡಿಸಿ ತೋರಿಸುವುದೇ ಸ್ಪೆಕ್ಟ್ರೋಮೀಟರು. ಅದರಲ್ಲಿ ಒಂದು ದಿನ ಢಾಳಾದ ನೇರಳೆ ಗೆರೆ ಕಂಡಿತು.

"ಧೂಮಕೇತು ಬಾಲದಲ್ಲಿ ಹೊಳೆಯೋದೂ ಈ ಗ್ಯಾಸು ಒಡೆದು ಆಗೋ ಇದೇ ಅಯಾನು ಕಣಣ್ಣ," ಎಂದಳು.

ಅವಳ ಗೈಡ್ ಮೇಷ್ಟ್ರು ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಅದನ್ನೇ ಮಂಡಿಸಲು ಕರೆದರು. ಅದೊಂದು ಆದರೆ ಪ್ರಬಂಧ ಮುಗಿದಂತೆ. ನಾನು ಸುಮ್ಮನಿರಲಾರದೆ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದೆ.

"ಏನ್ಲಾ, ನಿನ್ ತಂಗಿ ಧೂಮಕೇತೂನ ಸೋಡಾ ಬಾಟ್ಲಿಗೆ ತುಂಬವ್ಳಂತೆ?" ಎಂದ ಪಕ್ಕದ ಟೈರ್ ಅಂಗಡಿಯವನು.

"ತುಂಬವ್ಳೆ. ಬೇಕಿದ್ರೆ ಗೋಲಿ ಒತ್ಕೊಂಡು ಕುಡಿ," ಎಂದೆ.

ತಂಗಿಗೆ ಮಾತ್ರ ಸಮಾಧಾನವಿರಲಿಲ್ಲ. ಗೆರೆ ಇರಬೇಕಾದ್ದಕ್ಕಿಂತ ಢಾಳಾಗಿದೆ ಎಂಬ ಅನುಮಾನ. ಸೆಮಿನಾರಿಗೆ ಹೊರಡುವ ಹಿಂದಿನ ದಿನ, ನನ್ನೆದುರಿಗೇ ತಿರುಪು ಸಡಿಲಿಸಿ, ಬೇಕೆಂತಲೇ ಒಂದಿಷ್ಟು ಹೊರಗಿನ ಗಾಳಿಯನ್ನು ಕೊಳವೆಗೆ ಬಿಟ್ಟಳು. ಗೆರೆ ಅವಳ ಗ್ಯಾಸಿನದಾಗಿದ್ದರೆ ಮಂಕಾಗಬೇಕಿತ್ತು. ಅದು ಇನ್ನಷ್ಟು ಹೊಳೆಯಿತು. ಎಲ್ಲೋ ಸೋರಿಕೆಯಾಗಿ ಒಳನುಗ್ಗಿದ್ದ ಗಾಳಿಯ ನೈಟ್ರೋಜನ್, ಅವಳು ಹುಡುಕುತ್ತಿದ್ದ ಗೆರೆಯ ಮಗ್ಗುಲಲ್ಲೇ ತನ್ನ ಗೆರೆ ಎಳೆದಿತ್ತು.

"ಧೂಮಕೇತು ಅಲ್ಲ ಕಣಣ್ಣ. ನಮ್ಮ ಅರಸೀಕೆರೆ ಗಾಳಿ."

"ನನ್ ಪಂಪು ಸರಿಯಾಗೈತೆ."

"ಪಂಪಲ್ಲ, ಗಾಜಿನ ಜಾಯಿಂಟು."

"ಒಂದು ಗೆರೆ ತಾನೆ? ಹೋಗಿ ಹೇಳ್ಬಿಡು. ಅಲ್ಲಿ ಯಾರು ಗಾಳಿ ಬಿಟ್ಟು ನೋಡ್ತಾರೆ?"

"ಕಾಯಿಲ್ ಸುಟ್ಟಿರೋ ಮೋಟ್ರಿಗೆ ಬಣ್ಣ ಹೊಡ್ದು ಗಿರಾಕಿಗೆ ಕೊಡ್ತೀಯಾ ನೀನು?"

ಕೆಟ್ಟ ಸಿಟ್ಟು ಬಂತು. ಆದರೆ ಹಾಗೆ ಕೊಡುವವನಲ್ಲವಲ್ಲ ನಾನು.

ಅಂಗಡಿ ಎದುರಿನ ಎಸ್‌ಟಿಡಿ ಬೂತಿನಿಂದ ಮೇಷ್ಟ್ರಿಗೆ ಫೋನು ಮಾಡಿದಳು. "ಸರ್, ಅದು ನೈಟ್ರೋಜನ್. ಸೆಮಿನಾರಿಂದ ನನ್ನ ಹೆಸರು ತೆಗೆದುಬಿಡಿ." ದನಿ ಒಂದಿಷ್ಟೂ ಅಳುಕಲಿಲ್ಲ. ಕೈಗೆ ಬಂದದ್ದನ್ನು ಹಾಗೆ ತಾನೇ ಇಲ್ಲ ಎನ್ನುವ ಗಟ್ಟಿತನ ನಮ್ಮ ಮನೆಯಲ್ಲಿ ಇನ್ಯಾರಿಗೂ ಇರಲಿಲ್ಲ. ನನಗಂತೂ ಇರಲಿಲ್ಲ. ಬೂತಿನ ಹೊರಗೆ ನಿಂತು, ಇವಳು ನನ್ನ ತಂಗಿ ಎಂದು ಹೋಗಿಬರುವವರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಮಾರನೆಯ ದಿನ ಜಾಯಿಂಟು ಬಿಚ್ಚಿ, ಒರೆಸಿ, ಹೊಸ ಗ್ರೀಸು ಹಚ್ಚಿ ಕೂಡಿಸಿದಳು. ಪಂಪು ಹಗಲಿಡೀ ಓಡಿತು. ಢಾಳು ಗೆರೆ ಆರಿಹೋಗಿ, ಅಲ್ಲೇ ಪಕ್ಕದಲ್ಲಿ ಕೂದಲೆಳೆಯಂಥ ಜೋಡಿ ಗೆರೆ ಉಳಿಯಿತು. ಅದು ಕಾಣಲು ನಾನು ಉಸಿರು ಹಿಡಿದು ನೋಡಬೇಕಾಯಿತು.

"ಇದೇನಾ ನಿಂದು?"

"ಇರಬಹುದು. ಇನ್ನೂ ನೋಡ್ಬೇಕು," ಎಂದವಳೇ ನನ್ನನ್ನು ಪಕ್ಕಕ್ಕೆ ಸರಿಸಿ ಕುಳಿತಳು.