ಕೊಡದ ಉಳಿದರ್ಧ

ಮೊನ್ನೆ ಮಗಳು ಪಡಸಾಲೆಯ ಕಲ್ಲಿನ ಮೇಲೆ ಗೀಚಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ನೆನೆದ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು... ಗುಳೇದಗುಡ್ಡದ ನಮ್ಮ ಓಣಿಯಲ್ಲಿದ್ದ ಡ್ರಾಯಿಂಗ್ ಕಲಿಸುವ ಅಕ್ಕೋರ ಮನೆಯ ವಾಸನೆ ಅದು.

ಎರಡು ಸಾವಿರದ ಆಸುಪಾಸು. ನಾನು ಚಿತ್ರಕಲೆಯ ಗ್ರೇಡ್ ಪರೀಕ್ಷೆಗೆ ಕಟ್ಟಿದ್ದೆ. "ಪಾಸಾದ್ರ ಮುಂದ ಕಲಿ, ಇಲ್ಲಂದ್ರ ಮಗ್ಗಕ್ಕ ಕೂಡು" ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ನನಗೆ ಮಗ್ಗ ಬೇಡವಾಗಿತ್ತು. ಶಾಲೆ ಬಿಟ್ಟೊಡನೆ ಅಕ್ಕೋರ ಮನೆಗೆ ಓಡುತ್ತಿದ್ದೆ. ಹಾಳೆ ದಂಡವಾಗಬಾರದೆಂದು ಅವರು ನೆಲದ ಮೇಲೇ ಬರೆಸುತ್ತಿದ್ದರು. ಮೊದಲು ಗೆರೆ, ವೃತ್ತ, ಆಮೇಲೆ ಕೊಡ.

ನನ್ನ ಕೊಡದ ಎಡಭಾಗ ಚೆಂದ ಬರುತ್ತಿತ್ತು, ಬಲಭಾಗ ಸೊರಗುತ್ತಿತ್ತು. ಅಕ್ಕೋರು ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಈ ಕೊಡಾ ಯಾರ ಟೊಂಕದ ಮ್ಯಾಲೂ ಕೂಡೂದಿಲ್ಲ. ಅಳಿಸು."

ಅತ್ತರೂ ಅಳಿಸುವುದು ತಪ್ಪುತ್ತಿರಲಿಲ್ಲ.

ಒಮ್ಮೆ ರವಿಕೆ ಖಣ ಕೊಳ್ಳಲು ನಮ್ಮ ಮನೆಗೆ ಬಂದ ಅಕ್ಕೋರು, ನೇಯುವ ಮೊದಲು ಅಪ್ಪ ಹೂಬಳ್ಳಿ ಬರೆದುಕೊಳ್ಳುವ ಚೌಕಳಿ ಹಾಳೆ ನೋಡಿದರು. ಅದರಲ್ಲಿ ಹೂವಿನ ಎಡಗಡೆಯ ಅರ್ಧವಷ್ಟೇ ಇತ್ತು. ನಮ್ಮಲ್ಲಿ ಅರ್ಧ ಬರೆದರೆ ಸಾಕು, ಉಳಿದದ್ದನ್ನು ಮಗ್ಗವೇ ಮಗುಚಿ ನೇಯುತ್ತದೆ. ಚಿಕ್ಕಂದಿನಿಂದ ಅದನ್ನೇ ತಿದ್ದಿದ ಕೈ ನನ್ನದು. ಅಕ್ಕೋರು ನಕ್ಕುಬಿಟ್ಟರು.

"ನನ್ನ ಮನ್ಯಾಗ ಮಗ್ಗ ಇಲ್ಲ ತಂಗಿ. ಉಳಿದ ಅರ್ಧಾ ನಿನ್ನ ಕೈಲೇನ ಆಗಬೇಕು."

ಮರುದಿನದಿಂದ ಬಲಭಾಗವನ್ನೇ ಮೊದಲು ಬರೆಸಿದರು. ಆ ವರ್ಷ ಪಾಸಾದೆ, ಅಪ್ಪನೂ ಮಾತು ಉಳಿಸಿಕೊಂಡ.

ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಹೋದಾಗ ತಾವು ಮಲಗಿದ್ದ ಹೊರಸಿನ ಪಕ್ಕದ ನೆಲ ತೋರಿಸಿ, "ಒಂದು ಕೊಡಾ ತಗಿ, ಅರ್ಧಾ" ಎಂದರು. ಬರೆದೆ. ನಿಧಾನಕ್ಕೆ ಕೆಳಗಿಳಿದು ಕುಳಿತು, ಎಡಗೈಯಿಂದ ಉಳಿದರ್ಧ ಎಳೆದರು.

"ಹ್ಯಾಂಗ ಬಂದೈತಿ? ಖರೆ ಹೇಳು."

ಚೆಂದ ಬಂದಿದೆ ಎನ್ನುವ ಮಾತು ತುಟಿಯವರೆಗೆ ಬಂತು. ಆದರೆ ಅವರು ನನಗೆ ಒಮ್ಮೆಯೂ ಹಾಗೆ ಸುಳ್ಳು ಹೇಳಿರಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದೆ.

"ಟೊಂಕದ ಮ್ಯಾಲೆ ಕೂಡೂದಿಲ್ರಿ, ಅಕ್ಕೋರ."

ಅವರ ಮುಖ ಅರಳಿತು. ಒದ್ದೆ ಬಟ್ಟೆಗೆ ಕೈ ಚಾಚಿದರು.

ಈಗ ಅವರಿಲ್ಲ... ಮೊನ್ನೆ ಒರೆಸಿದ ಕಲ್ಲಿನ ಮೇಲೆ ನಾನೂ ಒಂದು ಕೊಡ ಬರೆದೆ, ಪೂರ್ತಿ. ಮಗಳು ಚೆಂದ ಐತಿ ಎಂದು ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ಅಳು ಬಂತು. ಬಾಗಿಲಲ್ಲಿ ನಿಂತು ಅಳಿಸು ಎನ್ನುವವರು ಇನ್ನು ನನಗೆ ಯಾರೂ ಇಲ್ಲ.