ಲಾಂಡ್ರಿ ಅಕ್ಕನ ಕೆಳದನಿ

ಲಾಂಡ್ರಿ ಅಕ್ಕ ಜೀವಮಾನದಲ್ಲಿ ಒಂದು ಹಾಡನ್ನೂ ನೆಟ್ಟಗೆ ಹಾಡಿದವಳಲ್ಲ. ಹೀಗೆಂದರೆ ಕೋರಸ್ಸಿನ ಹಳಬರು ಜಗಳಕ್ಕೇ ಬಂದಾರು, ಆದರೆ ಮಾತು ಸುಳ್ಳಲ್ಲ. ಊರಿನ ಕೋರಸ್ಸಿನಲ್ಲಿ ಅವಳ ಜಾಗ ಎರಡನೇ ಸಾಲಿನ ಎಡತುದಿ, ಕಂಬದ ಪಕ್ಕ. ಮೊದಲ ಸಾಲಿನವರು ಹಾಡಿನ ಧಾಟಿ ಹಾಡುತ್ತಾರೆ. ಜನ ಮನೆಗೆ ಹೋಗುವಾಗ ಗುನುಗಿಕೊಂಡು ಹೋಗುವುದು ಅದನ್ನೇ. ಎರಡನೇ ಸಾಲಿನವರು ಅದೇ ಮಾತನ್ನು ಅದೇ ಹೊತ್ತಿಗೆ ಕೆಳಗಿನ ಸ್ವರದಲ್ಲಿ ಹಾಡುತ್ತಾರೆ. ಅದಕ್ಕೆ ಕೋರಸ್ಸಿನವರು ಇಟ್ಟ ಹೆಸರು ಕೆಳದನಿ. ಎರಡನ್ನೂ ಒಟ್ಟಿಗೆ ಕೇಳಿದರೆ ಹಾಡು ಮೈತುಂಬಿಕೊಂಡಂತಿರುತ್ತದೆ. ಕೆಳದನಿಯೊಂದನ್ನೇ ಕೇಳಿದರೆ ಗೋಡೆಯಾಚೆ ಯಾರೋ ಯಾರ ಮೇಲೋ ಗೊಣಗುತ್ತಿರುವಂತಿರುತ್ತದೆ.

ನೆಂಟರಿಷ್ಟರು ಸೇರಿದಾಗ ನಾದಿನಿ ಒಮ್ಮೆ "ಕೋರಸ್ಸಲ್ಲಿ ಇದ್ದೀರಲ್ಲ ಅತ್ತಿಗೆ, ಒಂದು ಹಾಡು ಹೇಳಿ" ಎಂದು ದುಂಬಾಲು ಬಿದ್ದಳು. ಅಕ್ಕ ಗಂಟಲು ಸರಿಮಾಡಿಕೊಂಡು ತನಗೆ ಗೊತ್ತಿದ್ದದ್ದನ್ನು ಹಾಡಿದಳು. ಮುಗಿದ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡರು. "ಎಲ್ಲೋ ಕೇಳಿದ ಹಾಗಿದೆ," ಎಂದಳು ನಾದಿನಿ, ಪಾಪ, ಮರ್ಯಾದೆಗೆ. ಆಮೇಲೆ ಆ ಮನೆಯಲ್ಲಿ ಯಾರೂ ಅವಳನ್ನು ಹಾಡು ಎನ್ನಲಿಲ್ಲ.

ಅವಳನ್ನು ಕೋರಸ್ಸಿಗೆ ಎಳೆದು ತಂದವರು ಡ್ರಾಯಿಂಗ್ ಮೇಷ್ಟ್ರು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದ ಮನುಷ್ಯನಿಗೆ ಹಾಡು ಕಟ್ಟುವ ಹುಚ್ಚು ಎಲ್ಲಿಂದ ಹತ್ತಿತೋ ಯಾರಿಗೂ ಗೊತ್ತಿಲ್ಲ. ಕೋಟು ಇಸ್ತ್ರಿಗೆ ಕೊಡಲೆಂದು ಅವರು ಲಾಂಡ್ರಿಗೆ ಬಂದಾಗ ಅಕ್ಕ ಆವಿಯ ಇಸ್ತ್ರಿಯ ಮುಂದೆ ನಿಂತಿದ್ದಳು. ಮಾವನವರ ಕಾಲದ ಯಂತ್ರ ಅದು. ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಹಲಗೆ ಬಟ್ಟೆಯ ಮೇಲೆ ಇಳಿದು ಬುಸ್ಸೆಂದು ಆವಿ ಬಿಡುತ್ತದೆ. ಆ ಬುಸುಗುಟ್ಟುವಿಕೆಗೆ ಸರಿಯಾಗಿ ಅವಳು ಏನೋ ಗುನುಗುತ್ತಿದ್ದಳು. ಮೇಷ್ಟ್ರು ಕೋಟನ್ನು ತೋಳಿನ ಮೇಲೇ ಇಟ್ಟುಕೊಂಡು ಸುಮ್ಮನೆ ನಿಂತುಬಿಟ್ಟರು.

"ಗುರುವಾರ ಸಂಜೆ ಲೈಬ್ರರಿ ಮೇಲಿನ ರೂಮಿಗೆ ಬನ್ನಿ," ಎಂದರು.

"ಅಯ್ಯೋ, ನಂಗೆಲ್ಲಿ ಹಾಡೋಕೆ ಬರತ್ತೆ ಸಾರ್."

"ಬರೋರು ಬೇಕಾದಷ್ಟು ಜನ ಇದ್ದಾರೆ. ಎಲ್ಲರಿಗೂ ಅಟ್ಟ ಹತ್ತೋ ಆಸೆ. ನಂಗೀಗ ಏಣಿ ಹಿಡ್ಕೊಂಡು ನಿಲ್ಲೋರು ಬೇಕು."

ಹೀಗೆ ಏಣಿ ಹಿಡಿಯಲು ಹೋದವಳು ಅಲ್ಲೇ ಉಳಿದಳು. ಲೈಬ್ರರಿ ಮೇಲಿನ ಆ ರೂಮಿಗೆ ಒಂದು ಕಿಟಕಿ, ಎರಡು ಉದ್ದನೆಯ ಬೆಂಚು, ಒಂದು ಸ್ವರ ಸತ್ತ ಹಾರ್ಮೋನಿಯಂ. ಆ ಸ್ವರ ಬಂದಾಗಲೆಲ್ಲ ಮೇಷ್ಟ್ರು ಬಾಯಲ್ಲೇ "ಊಂ" ಎಂದು ಭರ್ತಿ ಮಾಡುತ್ತಿದ್ದರು. ಧಾಟಿಯನ್ನು ಅವರು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೆಳದನಿಯನ್ನು ಮಾತ್ರ ಬರೆಯುವಷ್ಟು ತಾಳ್ಮೆ ಇರಲಿಲ್ಲ; ಎರಡನೇ ಸಾಲಿನವರನ್ನು ಮುಂದೆ ಕೂರಿಸಿಕೊಂಡು ಬಾಯಿಂದ ಬಾಯಿಗೆ ದಾಟಿಸಿಬಿಡುತ್ತಿದ್ದರು.

ವರ್ಷಕ್ಕೆ ಎರಡು ಕಾರ್ಯಕ್ರಮ. ಮಳೆ ಶುರುವಾಗುವಾಗ ಒಂದು, ಚಳಿ ಬಿಡುವಾಗ ಒಂದು. ಪ್ರತಿ ಸಲ ಒಂದೊಂದು ವಿಷಯ, ಎಲ್ಲ ಹಾಡೂ ಅದರ ಸುತ್ತಲೇ. ಮೊದಲನೆಯದು ಮಳೆಯ ಹಾಡುಗಳು. ಅವತ್ತು ನಿಜವಾದ ಮಳೆ ತಗಡಿನ ಸೂರಿನ ಮೇಲೆ ಹುಯ್ದು ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ. ಗಾಳಿಯ ಹಾಡುಗಳ ದಿನ ಫ್ಯಾನುಗಳೆಲ್ಲ ಕೈಕೊಟ್ಟು, ತಂಗಾಳಿಯನ್ನು ಹೊಗಳುತ್ತ ಎಲ್ಲರೂ ಬೆವರಲ್ಲಿ ತೊಯ್ದರು. ಅಡುಗೆಮನೆಯ ಹಾಡುಗಳಲ್ಲಿ ತಾಳಕ್ಕೆಂದು ತಂದ ಪಾತ್ರೆಯ ಮುಚ್ಚಳ ಎರಡನೇ ಸಾಲಿನ ನರ್ಸಮ್ಮನ ಕೈತಪ್ಪಿ ಉರುಳುತ್ತ ಉರುಳುತ್ತ ಮುಂದಿನ ಸಾಲಿನ ಅತಿಥಿಗಳ ಕಾಲ ಬಳಿ ಹೋಗಿ ಮಲಗಿತು. ಹಿಂದಿನ ಪರದೆಗೆ ಅಕ್ಕನೇ ಗತಿ. ಲಾಂಡ್ರಿಗೆ ಕೊಟ್ಟು ವಾಪಸ್ ಒಯ್ಯಲು ಮರೆತವರ ಹಾಸುಬಟ್ಟೆಗಳನ್ನು ಅವಳು ಹೊಲಿದು ಜೋಡಿಸುವಳು, ಮೇಷ್ಟ್ರು ಅದರ ಮೇಲೆ ಚಿತ್ರ ಬರೆಯುವರು. ಒಂದು ಸಲ ಸಭಿಕರ ನಡುವಿನಿಂದ ಒಬ್ಬ ಎದ್ದು, "ರೀ, ಆ ಮೋಡ ಇರೋದು ನಮ್ಮನೆ ಬೆಡ್‌ಶೀಟು" ಎಂದುಬಿಟ್ಟ. ಮುಂದಿನ ಹಾಡು ಶುರುವಾಗುವಷ್ಟರಲ್ಲಿ ನಕ್ಕು ನಕ್ಕು ಎಲ್ಲರಿಗೂ ಉಸಿರೇ ಉಳಿದಿರಲಿಲ್ಲ. ಆ ದಿನಗಳೇ ದಿನಗಳು.

ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೆಲಸ ಮುಗಿಸಿ ಗ್ರೀಸಿನ ಕೈ ತೊಳೆದುಕೊಂಡು ನೇರ ಕಾರ್ಯಕ್ರಮದ ಹಾಲಿಗೆ ಬಂದು, ಮೂರನೇ ಸಾಲಿನಲ್ಲಿ ಕೂತು, ಎರಡನೇ ಹಾಡಿಗೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದ. ಮನೆಗೆ ನಡೆಯುವಾಗ ಮಾತ್ರ ತಪ್ಪದೆ, "ಇವತ್ತೂ ನಿನ್ನ ದನಿ ಕೇಳಿಸ್ತು ಕಣೆ" ಎನ್ನುವನು.

"ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳಿ. ಅಷ್ಟು ಜನರ ಮಧ್ಯೆ ನನ್ನ ದನಿ ನಂಗೇ ಕೇಳಿಸಲ್ಲ," ಎಂದು ಅಕ್ಕ ಮೂತಿ ತಿರುವುವಳು.

ಪುಟ್ಟ ಮಗಳನ್ನು ಈ ಮಹಾನುಭಾವನ ಪಕ್ಕ ಕೂರಿಸಿದ್ದು ಒಂದೇ ಸಲ. ಅಪ್ಪ ಗೊರಕೆ ಹೊಡೆಯುತ್ತಿದ್ದಾಗ ಮಗು ಇಳಿದು ಬಂದು ವೇದಿಕೆ ಹತ್ತಿ ಮೇಷ್ಟ್ರ ಪಂಚೆ ಎಳೆದಿತ್ತು. ಅಂದಿನಿಂದ ಅವಳ ಜಾಗ ವೇದಿಕೆಯಲ್ಲೇ, ಎರಡನೇ ಸಾಲಿನ ಬೆನ್ನಿಗೆ, ಕಂಬದ ಮರೆಯಲ್ಲಿ, ಎಲ್ಲರ ಚೀಲ ಚಪ್ಪಲಿಗಳ ನಡುವೆ. ಅಲ್ಲಿ ಕೂತು ಅಮ್ಮನ ಹಿಮ್ಮಡಿ ನೋಡುತ್ತ ಅಮ್ಮನ ಹಾಡು ಕೇಳುವಳು. ಮನೆಯಲ್ಲೂ ಅದೇ, ಲಾಂಡ್ರಿಯಲ್ಲೂ ಅದೇ. ಶಾಲೆಯಿಂದ ಬಂದು, ತೂಗುಹಾಕಿದ ಬಟ್ಟೆಗಳ ಕೆಳಗೆ ಚಾಪೆ ಹಾಸಿಕೊಂಡು, ಅಮ್ಮನ ಜೊತೆ ತಾನೂ ಗುನುಗುವಳು. ಪ್ರಪಂಚದ ಹಾಡುಗಳೆಲ್ಲ ಹೀಗೇ ಇರುತ್ತವೆ ಎಂದುಕೊಂಡಿದ್ದಳು.

ರೈಲಿನ ಹಾಡುಗಳ ವರ್ಷ ಊರಿಗೆ ಊರೇ ಒಂದು ಹಾಡನ್ನು ಬಾಯಿಪಾಠ ಮಾಡಿತ್ತು. "ನಿಲ್ಲು ನಿಲ್ಲು ರೈಲೇ, ಅಮ್ಮ ಇನ್ನೂ ಬಂದಿಲ್ಲ" ಎಂದು ಮೇಷ್ಟ್ರೇ ಕಟ್ಟಿದ್ದು. ಧಾಟಿ ಪ್ಲಾಟ್‌ಫಾರ್ಮಿನ ಮೇಲೆ ಓಡಿದಂತೆ ಮೇಲೆ ಮೇಲೆ ಹೋಗುತ್ತದೆ. ಕೆಳದನಿ ನಿಂತಲ್ಲೇ ನಿಂತು, "ಬಂದಿಲ್ಲ" ಎನ್ನುವಾಗ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಶಾಲೆಯ ಹಾಡಿನ ಸ್ಪರ್ಧೆಗೆ ಮಗಳು ಅದನ್ನೇ ಹಾಡುತ್ತೇನೆಂದು ಹೆಸರು ಕೊಟ್ಟಳು. ಕಣ್ಣು ಮುಚ್ಚಿ, ಕೈ ಕಟ್ಟಿ, ಅಮ್ಮನ ಹಾಗೇ ಹಾಡಿದಳು. ಹಾರ್ಮೋನಿಯಂ ನುಡಿಸುತ್ತಿದ್ದ ಟೀಚರು ನಡುವೆಯೇ ಕೈ ನಿಲ್ಲಿಸಿ, "ಏನಮ್ಮ ಇದು, ಯಾವ ಹಾಡು?" ಎಂದರು. ಇಡೀ ಶಾಲೆ ಗೊಳ್ಳೆಂದಿತು.

ಅವತ್ತು ಲಾಂಡ್ರಿಗೆ ಬಂದವಳು ಚಾಪೆ ಹಾಸಲಿಲ್ಲ.

"ನೀನು ನಂಗೆ ತಪ್ಪು ಹಾಡು ಹೇಳ್ಕೊಟ್ಟೆ."

"ತಪ್ಪಲ್ಲ ಪುಟ್ಟಿ. ಅದು ಕೆಳದನಿ. ಮೇಲಿನದ್ದು ಇನ್ನೊಂದಿದೆ, ಅದರ ಜೊತೆ..."

"ಬೇರೆ ಅಮ್ಮಂದಿರು ಸರಿಯಾದ್ದು ಹೇಳ್ಕೊಡ್ತಾರೆ."

ಅಕ್ಕ ಅಲ್ಲೇ ಧಾಟಿಯನ್ನು ಹಾಡಿ ತೋರಿಸಲು ಹೋದಳು. ಅಷ್ಟು ವರ್ಷ ಕೆಳಗೇ ಓಡಾಡಿ ಪಳಗಿದ ಗಂಟಲು ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಜಾರಿ ಮತ್ತೆ ಕೆಳದನಿಗೇ ಬಂದು ನಿಂತಿತು. ಮಗಳು ಕಿವಿ ಮುಚ್ಚಿಕೊಂಡಳು. ಅಲ್ಲಿಗೆ ಮುಗಿಯಿತು. ಆಮೇಲೆ ಅವಳು ಶಾಲೆಯಲ್ಲೂ ಹಾಡಲಿಲ್ಲ, ಮನೆಯಲ್ಲೂ ಹಾಡಲಿಲ್ಲ. ಕಾರ್ಯಕ್ರಮ ಬಂದರೆ ಏನಾದರೊಂದು ನೆಪ ತೆಗೆದು ತಪ್ಪಿಸಿಕೊಳ್ಳುವಳು. ಅಕ್ಕನೂ ಮಗಳೆದುರು ಗುನುಗುವುದನ್ನು ಬಿಟ್ಟಳು. ಮಗುವಿನ ಬಾಯಿಂದ ಹಾಡನ್ನು ತಾನೇ ಕಿತ್ತುಕೊಂಡೆ ಎಂಬ ಸಂಕಟ ಅವಳಿಗೆ ಬಹಳ ವರ್ಷ ಹೋಗಲಿಲ್ಲ. ಕೋರಸ್ ಬಿಟ್ಟುಬಿಡಲೇ ಎಂದೂ ಯೋಚಿಸಿದಳು. ಗುರುವಾರ ಬಂದರೆ ಕಾಲು ತಾನಾಗಿ ಲೈಬ್ರರಿಯ ಮೆಟ್ಟಿಲು ಹತ್ತುತ್ತಿತ್ತು, ಏನು ಮಾಡುವುದು.

ಮಳೆಗಾಲ, ಚಳಿಗಾಲ ಒಂದರ ಹಿಂದೊಂದು ಹೋದವು. ಕಾಗದದ ಹಾಡುಗಳು, ನಿದ್ದೆಯ ಹಾಡುಗಳು, ದಾರಿಯ ಹಾಡುಗಳು. ಮೇಷ್ಟ್ರು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಅವರ ಕೈಯಲ್ಲೇ ಕಲಿತ, ಮೊದಲ ಸಾಲಿನ ಒಬ್ಬ ಹುಡುಗಿ ಕೋರಸ್ ನಡೆಸಲು ನಿಂತಳು. ಅವಳಿಗೆ ಹೊಸ ಟೀಚರು ಎಂದೇ ಹೆಸರಾಯಿತು. ಎರಡನೇ ಸಾಲು ಸವೆಯುತ್ತ ಬಂತು. ನರ್ಸಮ್ಮ ಮಗನ ಮನೆಗೆ ಹೋದಳು, ಇನ್ನೊಬ್ಬಳಿಗೆ ಮಂಡಿನೋವು, ಮತ್ತೊಬ್ಬಳಿಗೆ ಮೊಮ್ಮಕ್ಕಳ ಕಾಟ. ಕೊನೆಗೆ ಕಂಬದ ಪಕ್ಕ ಅಕ್ಕ ಒಬ್ಬಳೇ ಉಳಿದಳು. ಆಗ ಅವಳ ಗಂಟಲೂ ಕೈಕೊಟ್ಟಿತು. ಗಂಟಲಲ್ಲಿ ಗಂಟಾಗಿದೆ ಎಂದು ಡಾಕ್ಟರು ಆಪರೇಷನ್ ಮಾಡಿ ತೆಗೆದರು. ಜೀವಕ್ಕೇನೂ ಭಯವಿಲ್ಲ, ಆದರೆ ಹಾಡು ಮರೆತುಬಿಡಿ, ಕೆಲವು ತಿಂಗಳು ಮಾತೂ ಆಡಬೇಡಿ ಎಂದರು. ಉಳಿದದ್ದು ಒಣಗಿದ ಪಿಸುಮಾತು.

ಚಳಿ ಬಿಡುವ ಹೊತ್ತಿನ ಕಾರ್ಯಕ್ರಮಕ್ಕೆ ಹೊಸ ಟೀಚರು ಹಳೆಯ ಎಲ್ಲ ವರ್ಷಗಳಿಂದ ಒಂದೊಂದು ಹಾಡು ಆರಿಸಿದ್ದಳು. ಕೊನೆಯದು ರೈಲಿನ ಹಾಡು. ಮನೆಗೆ ಬಂದು ಅಕ್ಕನ ಕೈ ಹಿಡಿದುಕೊಂಡು ಹೇಳಿದಳು: "ಕೆಳದನಿ ಇಲ್ದೇನೇ ಮಾಡ್ತೀವಿ ಅಕ್ಕ. ಬೇರೆ ದಾರಿ ಇಲ್ಲ. ಜನಕ್ಕೆ ಗೊತ್ತಾಗಲ್ಲ ಬಿಡಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೂ ಅದರಿಂದ ಅಕ್ಕನಿಗೆ ಆಪರೇಷನ್ನಿಗಿಂತ ಹೆಚ್ಚು ನೋಯಿತು. ಜನಕ್ಕೆ ಗೊತ್ತಾಗುವುದಿಲ್ಲ ಎಂದಾದರೆ ಇಷ್ಟು ವರ್ಷ ಕಂಬದ ಪಕ್ಕ ನಿಂತು ತಾನು ಮಾಡಿದ್ದೇನು? ಮೇಷ್ಟ್ರು ಬಾಯಿಂದ ಬಾಯಿಗೆ ಕೊಟ್ಟದ್ದು, ಕೋರಸ್ ಬಿಟ್ಟುಹೋದವರೂ ಮರೆತು, ಈಗ ಯಾರ ಬಾಯಲ್ಲೂ ಇರಲಿಲ್ಲ. ಹೊಸಬಳೊಬ್ಬಳಿಗೆ ಪಿಸುಮಾತಿನಲ್ಲೇ ಕಲಿಸಲು ನೋಡಿದಳು. ಪಿಸುಮಾತಿಗೆ ಸ್ವರ ಎಲ್ಲಿಂದ ಬರಬೇಕು. ಆ ಹುಡುಗಿ ಪೆಚ್ಚುಮುಖ ಹಾಕಿಕೊಂಡು ಹೋದಳು.

ಈಗ ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೆಲಸಕ್ಕಿದ್ದ ಮಗಳು, ಅಮ್ಮನಿಗೆ ಹೀಗಾದ ಮೇಲೆ ಸಂಜೆ ಲಾಂಡ್ರಿಗೆ ಬಂದು ಇಸ್ತ್ರಿಯ ಮುಂದೆ ನಿಲ್ಲುತ್ತಿದ್ದಳು. ಒಂದು ಸಂಜೆ ಅಕ್ಕ ತೂಗುಹಾಕಿದ ಬಟ್ಟೆಗಳ ಹಿಂದೆ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. ಅಮ್ಮ ಮನೆಗೆ ಹೋದಳೆಂದೇ ಮಗಳು ಅಂದುಕೊಂಡಿದ್ದಳು. ಪೆಡಲ್ ಒತ್ತಿದಳು, ಆವಿ ಬುಸ್ಸೆಂದಿತು. ಮತ್ತೊಮ್ಮೆ ಒತ್ತಿದಳು. ಮೂರನೆಯ ಸಲ ಆವಿಯ ಜೊತೆಗೇ ತೆಳ್ಳಗೆ ಒಂದು ಗುನುಗು ಎದ್ದಿತು. ನಿಲ್ಲು ನಿಲ್ಲು ರೈಲೇ.

ಅಕ್ಕನ ಕೈಯ ಸೂಜಿ ನಿಂತಿತು. ನಿಂತಲ್ಲೇ ನಿಂತು, "ಬಂದಿಲ್ಲ" ಎನ್ನುವಾಗ ಒಂದು ಮೆಟ್ಟಿಲು ಇಳಿದ ದನಿ. ಒಂದು ಸ್ವರವೂ ಆಚೀಚೆ ಆಗಿರಲಿಲ್ಲ. ಅದು ಮುಗಿದು ಮಳೆಯದು ಬಂತು, ಆಮೇಲೆ ಗಾಳಿಯದು. ತಾನು ಹಾಡುತ್ತಿದ್ದೇನೆಂದು ಮಗಳಿಗೇ ತಿಳಿದಿರಲಿಲ್ಲ. ತಿಳಿದರೆ ನಿಲ್ಲಿಸಿಬಿಡುತ್ತಾಳೆಂದು ಅಕ್ಕ ಕೆಮ್ಮು ಬಂದದ್ದನ್ನೂ ಸೆರಗಿನಲ್ಲಿ ನುಂಗಿಕೊಂಡಳು. ಕಣ್ಣಿಂದ ಮಾತ್ರ ನೀರು ಇಳಿಯುತ್ತಲೇ ಇತ್ತು.

ಮರುದಿನ ಹೊಸ ಟೀಚರ ಮನೆಗೆ ಹೋಗಿ ಕಿವಿಯಲ್ಲಿ ಪಿಸುಗುಟ್ಟಿದಳು: "ಸಂಜೆ ಇಸ್ತ್ರಿಗೆ ಏನಾದ್ರೂ ತಗೊಂಡು ಬಾ. ಬಾಗಿಲಲ್ಲೇ ನಿಂತ್ಕೋ. ಕೂಗಬೇಡ."

ಸಂಜೆ ಟೀಚರು ತೋಳಿನ ಮೇಲೆ ಒಂದು ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು, ಹಿಂದೊಮ್ಮೆ ಮೇಷ್ಟ್ರು ನಿಂತ ಹಾಗೆ. ಮಗಳು ಬೆನ್ನು ಹಾಕಿ ನಿಂತು ಗುನುಗುತ್ತಿದ್ದಳು. ಟೀಚರು ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ, ಅಕ್ಕ ಹೇಳಿಕೊಡದಿದ್ದರೂ, ಮೆಲ್ಲಗೆ ಅದರ ಮೇಲೆ ಧಾಟಿ ಎತ್ತಿದಳು.

ಮಗಳ ಕಾಲು ಪೆಡಲಿನ ಮೇಲೇ ನಿಂತಿತು. ಗುನುಗು ನಿಲ್ಲಲಿಲ್ಲ. ತಿರುಗಿಯೂ ನೋಡದೆ, ಎಲ್ಲಿ ಒಡೆದುಹೋಗುತ್ತದೋ ಎಂಬಂತೆ ಅವಳು ಹಾಡನ್ನು ಕೊನೆಮುಟ್ಟಿಸಿದಳು.

"ಇದು... ಹೀಗಿರತ್ತಾ?" ಎಂದಳು.

"ಯಾವಾಗ್ಲೂ ಹೀಗೇ ಇತ್ತಲ್ಲ," ಎಂದಳು ಟೀಚರು.

"ಎರಡೂ ಒಟ್ಟಿಗೆ ನಂಗೆ ಕೇಳಿಸಿರಲಿಲ್ಲ. ನಾನು ಅಮ್ಮನ ಹಿಂದೆ ಕೂತಿರ್ತಿದ್ದೆ."

ಆಗ ಬಟ್ಟೆಗಳ ಸಂದಿಯಲ್ಲಿ ಅಮ್ಮನ ಪಾದ ಕಂಡಿತು. ಮಗಳು ಬಟ್ಟೆ ಸರಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಕಳ್ಳಿ. ಎಷ್ಟು ದಿನದಿಂದ ಕೇಳ್ತಾ ಇದ್ದೀಯ?"

ಅಕ್ಕ ಬಾಯಿ ತೆರೆದಳು. "ತಪ್ಪಲ್ಲ ಪುಟ್ಟಿ..." ಎನ್ನುವಷ್ಟರಲ್ಲಿ ಪಿಸುಮಾತು ಹರಿದುಹೋಯಿತು.

"ಗೊತ್ತಾಯ್ತು ಬಿಡು. ಡಾಕ್ಟರು ಮಾತಾಡಬೇಡ ಅಂದಿಲ್ವಾ," ಎಂದ ಮಗಳು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಅಮ್ಮನ ಮಂಡಿಗೆ ಹಣೆಯಿಟ್ಟಳು. ಮುಖ ಎತ್ತದೆಯೇ ಟೀಚರಿಗೆ ಹೇಳಿದಳು: "ಇನ್ನೊಂದ್ಸಲ ಹಾಡಿ ನೋಡೋಣ."

ಕಾರ್ಯಕ್ರಮದ ದಿನ ಅಕ್ಕ ಮೊದಲ ಸಲ ಸಭಿಕರ ನಡುವೆ ಕೂತಳು, ಮೂರನೇ ಸಾಲು, ಗಂಡನ ಪಕ್ಕ. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಮಗಳು ಕಂಬದ ಪಕ್ಕ ನಿಂತಿದ್ದಳು. ಹಿಂದಿನ ಪರದೆಯಲ್ಲಿ ಮೇಷ್ಟ್ರು ಬರೆದ ಹಳೆಯ ಮೋಡ ಇನ್ನೂ ಮಾಸಿರಲಿಲ್ಲ. ಗಂಡ ಎರಡನೇ ಹಾಡಿಗೆ ಎಂದಿನಂತೆ ತಲೆ ವಾಲಿಸಿದ. ಕೊನೆಗೆ ರೈಲಿನ ಹಾಡು ಬಂತು. ಅಕ್ಕ ಮಗಳ ದನಿಗಾಗಿ ಕಿವಿಗೊಟ್ಟಳು, ಸಿಗಲಿಲ್ಲ. ಹುಡುಗಿ ಹೆದರಿ ಸುಮ್ಮನಾದಳೋ ಎಂದು ಕತ್ತು ಚಾಚಿ ನೋಡಿದಳು. ಆದರೆ ತುಟಿಗಳು ಆಡುತ್ತಿದ್ದವು. "ಬಂದಿಲ್ಲ" ಎನ್ನುವಲ್ಲಿ ಮಗಳು ಒಂದು ಮೆಟ್ಟಿಲು ಇಳಿದಾಗ ಇಡೀ ಹಾಡೇ ಇಳಿದಂತಾಯಿತು. ಮುಂದೆ ಕೂತಿದ್ದ ಯಾರೋ ಕಣ್ಣೊರೆಸಿಕೊಂಡರು. ಇಷ್ಟು ವರ್ಷ ತಾನು ಹಾಡಿದ್ದು ಹೀಗೆ ಕೇಳಿಸುತ್ತಿತ್ತೆಂದು ಅಕ್ಕನಿಗೆ ಅವತ್ತೇ ತಿಳಿದದ್ದು.

ಚಪ್ಪಾಳೆ ಇನ್ನೂ ಶುರುವಾಗಿರಲಿಲ್ಲ. ಅಷ್ಟರಲ್ಲಿ ಗಂಡ, ಕಣ್ಣು ಬಿಡದೆ, ಅರೆನಿದ್ದೆಯಲ್ಲೇ, ವೇದಿಕೆಯ ಕಡೆಗೆ ಮುಖ ಮಾಡಿಕೊಂಡು ತನ್ನಷ್ಟಕ್ಕೆ ಹೇಳಿದ:

"ಇವತ್ತೂ ನಿನ್ನ ದನಿ ಕೇಳಿಸ್ತು ಕಣೆ."

ಪಕ್ಕದಲ್ಲೇ ಕೂತಿದ್ದ ಅಕ್ಕ ಅವನ ಒರಟು ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.